ಈಸ್ಟರ್ ವಾರದ ಕ್ವಾಯರ್ ಪ್ರಸಾರಗಳು: ಇಲ್ಲಿಂದ ಕೇಳುವವರು ಇದ್ದೀರಾ?

ಹಳೆಯ ರೇಡಿಯೊ, ಶಿವಮೊಗ್ಗ
ಮಾರ್ಚ್ 20, ಬೆಳಿಗ್ಗೆ 9.10

ಯುಗಾದಿಯ ಹೋಳಿಗೆ ಇನ್ನೂ ಡಬ್ಬಿಯಲ್ಲಿರುವಾಗಲೇ ಈಸ್ಟರ್ ಮಾತು ಎತ್ತುತ್ತಿದ್ದೇನೆ, ಯಾರೂ ನಗಬೇಡಿ. ಎರಡು ವಾರ ಕಳೆದರೆ ಶುಭ ಶುಕ್ರವಾರ. ಹೋದ ವರ್ಷವೂ ಕೇಳಬೇಕೆಂದುಕೊಂಡು ಮರೆತೆ, ಅದರ ಹಿಂದಿನ ವರ್ಷವೂ ಮರೆತೆ.

ಐವತ್ತು ವರ್ಷದ ಹಿಂದಿನ ಮಾತು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪನ ಮರ್ಫಿ ರೇಡಿಯೊ ಇತ್ತು. ವಾರ್ತೆಗೂ ಅಡಿಕೆ ಧಾರಣೆಗೂ ಬಿಟ್ಟರೆ ಅದನ್ನು ಮುಟ್ಟುವಂತಿರಲಿಲ್ಲ. ಅಪ್ಪ ಮಲಗಿದ ಮೇಲೆ ನಾನು ಕದ್ದು ಶಾರ್ಟ್‌ವೇವ್‌ನಲ್ಲಿ ಮುಳ್ಳು ತಿರುಗಿಸುತ್ತಿದ್ದೆ. ಪರೀಕ್ಷೆ ಮುಗಿದ ಒಂದು ರಾತ್ರಿ ಕರಕರ ಸದ್ದಿನ ಮಧ್ಯೆ ಬಹಳ ಜನ ಒಟ್ಟಿಗೆ ಹಾಡುವುದು ಕೇಳಿಸಿತು. ತಾಳವಿಲ್ಲ, ವಾದ್ಯವಿಲ್ಲ. ದನಿ ಹತ್ತಿರ ಬರುತ್ತಿತ್ತು, ದೂರ ಸರಿಯುತ್ತಿತ್ತು. ಅವರು ನಡೆದಾಡುತ್ತಲೇ ಹಾಡುತ್ತಿದ್ದಾರೆ ಎಂದು ನಂಬಿಬಿಟ್ಟೆ. ಶಾರ್ಟ್‌ವೇವ್ ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಮರಳುವಾಗ ಹೀಗೆ ಏರಿಳಿಯುತ್ತವೆ ಎಂಬುದು ಕಾಲೇಜಿನಲ್ಲಿ ತಿಳಿಯಿತು. ತಿಳಿದು ಸ್ವಲ್ಪ ಬೇಸರವೇ ಆಯಿತು. ಕೊನೆಗೆ ಉದ್ಘೋಷಕರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು 'ಈಸ್ಟರ್' ಎಂಬ ಒಂದೇ ಪದ.

ಈಗ ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿದ್ದೇನೆ. ಮೊಬೈಲ್ ಇದೆ, ಮಗಳು ಕೊಡಿಸಿದ ಒಳ್ಳೆಯ ಹೆಡ್‌ಫೋನ್ ಇದೆ. ಅಂಥ ಹಾಡನ್ನು ಆ ಹಬ್ಬದ ದಿನವೇ, ಅಲ್ಲಿ ಹಾಡುತ್ತಿರುವಾಗಲೇ ಕೇಳಬೇಕು ಎಂಬ ಆಸೆ. ಯಾವ ಕೇಂದ್ರ? ಯಾವ ದಿನ? ನಾನು ಕ್ರೈಸ್ತನಲ್ಲ, ಪಾಶ್ಚಾತ್ಯ ಸಂಗೀತದ ಗಂಧಗಾಳಿಯೂ ಇಲ್ಲ. ತಿಳಿದವರು ಕೈ ಹಿಡಿದು ನಡೆಸಿ.

ಹಿಂದಿನ ಸಾಲು, ಬೆಂಗಳೂರು
ಮಾರ್ಚ್ 20, ಮಧ್ಯಾಹ್ನ 1.35

ಬನ್ನಿ ಸರ್. ನಾನು ಇಲ್ಲಿನ ಒಂದು ಚರ್ಚಿನ ಕ್ವಾಯರಿನಲ್ಲಿ, ಅಂದರೆ ಒಟ್ಟಿಗೆ ಹಾಡುವ ತಂಡದಲ್ಲಿ, ಇಪ್ಪತ್ತೆರಡು ವರ್ಷದಿಂದ ಬಾಸ್ ಹಾಡುತ್ತಿದ್ದೇನೆ. ಬಾಸ್ ಎಂದರೆ ಎಲ್ಲಕ್ಕಿಂತ ಕೆಳಗಿನ ಗಂಡು ದನಿ. ಮದುವೆಯ ಫೋಟೊದಲ್ಲಿ ಎತ್ತರದವರನ್ನು ನಿಲ್ಲಿಸಿದ ಹಾಗೆ ನಮ್ಮನ್ನು ಹಿಂದಿನ ಸಾಲಿಗೆ ತಳ್ಳುತ್ತಾರೆ, ಹೆಸರು ಅಲ್ಲಿಂದ ಬಂತು.

ಮೊದಲಿಗೆ ಬಿಬಿಸಿ ರೇಡಿಯೊ 3ರ 'ಕೋರಲ್ ಈವನ್‌ಸಾಂಗ್' ಸಾಕು. ಯಾವುದಾದರೊಂದು ಕ್ಯಾಥೆಡ್ರಲ್ ಅಥವಾ ಕಾಲೇಜು ಚಾಪೆಲಿನ ಸಂಜೆಯ ಪ್ರಾರ್ಥನೆಯನ್ನು ಕೀರ್ತನೆ, ವಾಚನ, ಆಮೆನ್ ಸಮೇತ ಇಡಿಯಾಗಿ ಪ್ರಸಾರ ಮಾಡುತ್ತಾರೆ. ಮೊದಲ ಪ್ರಸಾರ 1926ರ ಅಕ್ಟೋಬರ್ 7ರಂದು, ವೆಸ್ಟ್‌ಮಿನ್‌ಸ್ಟರ್ ಅಬೆಯಿಂದ. ಬರುವ ಅಕ್ಟೋಬರ್‌ಗೆ ನೂರು ತುಂಬುತ್ತದೆ. 1970ರಲ್ಲಿ ಇದನ್ನು ತಿಂಗಳಿಗೊಮ್ಮೆಗೆ ಇಳಿಸಿದರು. ಕೇಳುಗರು ಪತ್ರ ಬರೆದು ಬರೆದು ವಾರದ ಪ್ರಸಾರವನ್ನು ಮರಳಿ ತಂದುಕೊಂಡರು. ಬುಧವಾರ ಅಲ್ಲಿನ ಮಧ್ಯಾಹ್ನ ಬರುತ್ತದೆ, ಭಾನುವಾರ ಮರುಪ್ರಸಾರವಿದೆ.

ಈಸ್ಟರ್‌ಗೆ ಮುಂಚಿನ ಬುಧವಾರ ಕೇಳಿದರೆ ಬೈಬಲಿನ ಯೆರೆಮೀಯನ ಪ್ರಲಾಪಗಳಂಥ ಶೋಕದ ಹಾಡುಗಳು ಸಿಗಬಹುದು. ಗುರುವಾರ ರಾತ್ರಿಯಿಂದ ಹಲವು ಚರ್ಚುಗಳಲ್ಲಿ ಆರ್ಗನ್ ಎಂಬ ಕೊಳವೆಗಳ ವಾದ್ಯ ಬಾಯಿ ಮುಚ್ಚುತ್ತದೆ. ಶುಕ್ರವಾರ ಬರೀ ಕಂಠ. ದೇವರಿಗೆ ಸ್ತೋತ್ರ ಎಂಬರ್ಥದ 'ಅಲ್ಲೆಲೂಯ' ಪದವಂತೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಅಷ್ಟೂ ವಾರ ಯಾರ ಬಾಯಲ್ಲೂ ಬರುವುದಿಲ್ಲ. ಶನಿವಾರ ರಾತ್ರಿಯ ಜಾಗರಣೆಯಲ್ಲಿ ಆರ್ಗನ್ನೂ ಗಂಟೆಯೂ ಅಲ್ಲೆಲೂಯವೂ ಮರಳುತ್ತವೆ. ನೀವು ಈಸ್ಟರ್ ದಿನದ್ದನ್ನು ಮಾತ್ರ ಕೇಳಿದರೆ ಊಟಕ್ಕೆ ಪಾಯಸದ ಹೊತ್ತಿಗೆ ಬಂದ ಹಾಗೆ. ಮೂರು ದಿನ ಹಸಿದು ಕೇಳಿ.

ಈಸ್ಟರ್ ದಿನದ ಒಂದು ಕತೆ ಹೇಳದೆ ಇರಲಾರೆ, ನಮ್ಮ ಬಾಸ್ ಜಾತಿಯ ಹೆಮ್ಮೆ ಅದು. 1830ರ ದಶಕದಲ್ಲಿ ಹೆರ್‌ಫರ್ಡ್ ಕ್ಯಾಥೆಡ್ರಲಿನಲ್ಲಿ ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿ ಆರ್ಗನ್ ವಾದಕನಾಗಿದ್ದ. ಒಂದು ಈಸ್ಟರ್ ದಿನ ಅವನ ಕ್ವಾಯರಿನಲ್ಲಿ ಹುಡುಗರನ್ನು ಬಿಟ್ಟರೆ ದೊಡ್ಡವರೆಂದು ಇದ್ದದ್ದು ಒಬ್ಬನೇ ಒಬ್ಬ ಬಾಸ್. ಅವನೂ ಡೀನರ (ಕ್ಯಾಥೆಡ್ರಲಿನ ಮುಖ್ಯ ಪಾದ್ರಿಯ) ಮನೆಯ ಬಟ್ಲರ್ ಎಂದು ಹೇಳುತ್ತಾರೆ. ವೆಸ್ಲಿ ಇದ್ದವರಿಗೆ ತಕ್ಕಂತೆಯೇ ಹಾಡು ಕಟ್ಟಿದ. 'ಬ್ಲೆಸೆಡ್ ಬಿ ದ ಗಾಡ್ ಆ್ಯಂಡ್ ಫಾದರ್' ಎಂಬ ಆ ಹಾಡನ್ನು ಇವತ್ತಿಗೂ ಈಸ್ಟರ್ ಪ್ರಸಾರಗಳಲ್ಲಿ ಕೇಳಬಹುದು. ಪಾತ್ರೆ ತಟ್ಟೆ ನೋಡಿಕೊಳ್ಳುತ್ತಿದ್ದ ಆ ಬಟ್ಲರನನ್ನು ನೆನೆಯದೆ ನಾನು ಅದನ್ನು ಕೇಳಿಲ್ಲ.

ಸಂಶಯಿ, ಹುಬ್ಬಳ್ಳಿ
ಮಾರ್ಚ್ 20, ರಾತ್ರಿ 10.02

ನನಗೊಂದು ಮೂಲಭೂತ ಪ್ರಶ್ನೆ. ನೇರ ಪ್ರಸಾರವೇ ಏಕೆ ಬೇಕು? ಅದೇ ಹಾಡುಗಳ ಅತ್ಯುತ್ತಮ ಧ್ವನಿಮುದ್ರಣಗಳು ಬೆರಳ ತುದಿಯಲ್ಲಿವೆ. ಕೆಮ್ಮಿಲ್ಲ, ಅಪಸ್ವರವಿಲ್ಲ, ಬೇಕಾದಲ್ಲಿ ನಿಲ್ಲಿಸಿ ಮತ್ತೆ ಕೇಳಬಹುದು. ಇಂಟರ್‌ನೆಟ್ ಸರಿಯಿಲ್ಲದ ಊರಿನಲ್ಲಿ ಕೂತು ಐದಾರು ಸಾವಿರ ಮೈಲಿ ಆಚೆಯ ಸದ್ದಿಗೆ ಒದ್ದಾಡುವುದು ಹಳೆಯ ನೆನಪಿನ ವ್ಯಾಮೋಹ, ಅಷ್ಟೇ. ಸಂಗೀತ ಮುಖ್ಯವೋ, ಗಡಿಯಾರ ಮುಖ್ಯವೋ?

ಕಾಲುವೆ ದಂಡೆ, ಉಟ್ರೆಕ್ಟ್
ಮಾರ್ಚ್ 21, ಬೆಳಗಿನ ಜಾವ 2.48

ಸಂಶಯಿಯವರೇ, ನಿಮಗೆ ನನ್ನ ಮನೆಯೊಡತಿಯ ಪರಿಚಯ ಮಾಡಿಕೊಡಬೇಕು.

ನಾನು ದಾವಣಗೆರೆಯವನು, ಒಂಬತ್ತು ವರ್ಷದಿಂದ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ. ಮೊದಲ ವರ್ಷ ಒಬ್ಬ ಅಜ್ಜಿಯ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ಗರಿಗಳ ಭಾನುವಾರ, ಅಂದರೆ ಈಸ್ಟರ್‌ನ ಹಿಂದಿನ ಭಾನುವಾರ, ಮಧ್ಯಾಹ್ನ ಬಿಸಿನೀರು ಬರಲಿಲ್ಲವೆಂದು ಕೆಳಗೆ ಹೋಗಿ ಬಾಗಿಲು ತಟ್ಟಿದೆ. ತೆರೆಯಲಿಲ್ಲ. ಒಳಗೆ ರೇಡಿಯೊ ಕೇಳಿಸುತ್ತಿತ್ತು. ಮತ್ತೆ ತಟ್ಟಿದೆ. ಅಜ್ಜಿ ಬಾಗಿಲನ್ನು ಒಂದು ಗೇಣು ತೆರೆದು, ತುಟಿಯ ಮೇಲೆ ಬೆರಳಿಟ್ಟು, ಮತ್ತೆ ಮುಚ್ಚಿದರು. ಸಂಜೆ ಅವರೇ ಮೇಲೆ ಬಂದು, 'ಮತ್ತಾಯ ನಡೆಯುತ್ತಿತ್ತು' ಎಂದರು. ನಮ್ಮ ಕಡೆ 'ಪೂಜೆ ನಡೆಯುತ್ತಿತ್ತು' ಎಂದು ಹೇಳುವುದಿಲ್ಲವೇ, ಅದೇ ದನಿ. ಅವರು ಚರ್ಚಿಗೆ ಹೋಗುವುದನ್ನು ಬಿಟ್ಟು ನಲವತ್ತು ವರ್ಷವಾಗಿತ್ತು ಎಂಬುದು ಆಮೇಲೆ ತಿಳಿಯಿತು.

ಮತ್ತಾಯ ಎಂದರೆ ಸಂಗೀತಕಾರ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್'. ಯೇಸುವಿನ ಕೊನೆಯ ದಿನಗಳ ಕತೆ, ಎರಡು ಕ್ವಾಯರ್, ಎರಡು ವಾದ್ಯಮೇಳ, ಹತ್ತಿರ ಹತ್ತಿರ ಮೂರು ಗಂಟೆ. ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ 1727ರ ಶುಭ ಶುಕ್ರವಾರ ಮೊದಲು ಹಾಡಿದ್ದು. ಬಾಖ್ ಸತ್ತ ಮೇಲೆ ಬಹುಮಟ್ಟಿಗೆ ಮರೆತೇಹೋಗಿತ್ತು. 1829ರಲ್ಲಿ ಬರ್ಲಿನ್‌ನಲ್ಲಿ ಇಪ್ಪತ್ತರ ಹರೆಯದ ಸಂಗೀತಕಾರ ಮೆಂಡೆಲ್‌ಸನ್ ಮತ್ತೆ ಹಾಡಿಸಿದ. ಕೃತಿ ಜರ್ಮನಿಯದು, ಅದನ್ನು ಮನೆದೇವರ ಹಾಗೆ ಇಟ್ಟುಕೊಂಡವರು ಡಚ್ಚರು. ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಖೆಬೌ ಸಭಾಂಗಣದಲ್ಲಿ 1899ರಿಂದ ಗರಿಗಳ ಭಾನುವಾರದ ಸಂಪ್ರದಾಯ. ನಾರ್ಡನ್ ಎಂಬ ಕೋಟೆಯೂರಿನ ದೊಡ್ಡ ಚರ್ಚಿನಲ್ಲಿ 1922ರಿಂದ. ನಾರ್ಡನ್‌ಗೆ ಪ್ರಧಾನಿ, ಮಂತ್ರಿಗಳೆಲ್ಲ ಬಂದು ಮರದ ಕುರ್ಚಿಯಲ್ಲಿ ಬೆನ್ನು ನೋಯಿಸಿಕೊಂಡು ಕೂರುತ್ತಾರೆ. ಈ ವಾರಗಳಲ್ಲಿ ಸಣ್ಣ ಊರಿನ ಹವ್ಯಾಸಿ ಕ್ವಾಯರ್ ಕೂಡ ಒಂದು ಮತ್ತಾಯ ಹಾಡದೆ ಬಿಡುವುದಿಲ್ಲ. ಇಲ್ಲಿನ ಶಾಸ್ತ್ರೀಯ ಸಂಗೀತದ ರೇಡಿಯೊ, ಈಗಿನ ಹೆಸರು ಎನ್‌ಪಿಒ ಕ್ಲಾಸೀಕ್, ಈ ಕಾಲದಲ್ಲಿ ಪ್ಯಾಶನ್‌ಗಳಿಂದಲೇ ತುಂಬಿರುತ್ತದೆ.

ಅಜ್ಜಿಯ ಮನೆಯಲ್ಲಿ ಮತ್ತಾಯದ ನಾಲ್ಕು ಧ್ವನಿಮುದ್ರಣ ಇದ್ದವು, ಸಂಶಯಿಯವರೇ. ಆದರೂ ಆ ಭಾನುವಾರ ಅವರು ರೇಡಿಯೊ ಹಚ್ಚಿದ್ದರು. ನಾನೇ ಕೇಳಿದೆ, ಏಕೆ ಎಂದು. 'ಈಗ ನನ್ನ ಅಕ್ಕನೂ ಕೇಳುತ್ತಿರುತ್ತಾಳೆ' ಎಂದರು. ಅಕ್ಕ ಇದ್ದದ್ದು ಖ್ರೋನಿಂಗನ್‌ನಲ್ಲಿ. ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು.

ತಂಬೂರಿ, ಮೈಸೂರು
ಮಾರ್ಚ್ 21, ಬೆಳಿಗ್ಗೆ 7.20

ನಾನು ಕರ್ನಾಟಕ ಸಂಗೀತ ಹೇಳಿಕೊಡುವವಳು. ಹಿಂದಿನ ಸಾಲು ಅವರು ಹೇಳಿದ್ದನ್ನು ನಿನ್ನೆ ರಾತ್ರಿ ಹುಡುಕಿ ಕೇಳಿದೆ. ಸತ್ಯ ಹೇಳಲೇ? ಜಾತ್ರೆಯಲ್ಲಿ ನಾಲ್ಕು ಜನ ನಾಲ್ಕು ಕಡೆಯಿಂದ ಕರೆದ ಹಾಗಿತ್ತು. ನಮ್ಮಲ್ಲಿ ಒಬ್ಬರು ಹಾಡುತ್ತಾರೆ, ಉಳಿದವರು ಅನುಸರಿಸುತ್ತಾರೆ. ಇಲ್ಲಿ ಯಾರನ್ನು ಹಿಂಬಾಲಿಸಬೇಕು? ಶ್ರುತಿ ಹಿಡಿದವರು ಯಾರು? ತಂಬೂರಿಯೇ ಇಲ್ಲವಲ್ಲ.

ಇನ್ನೊಂದು, ಜೊತೆಯಲ್ಲಿ ಹೇಳಿಬಿಡುತ್ತೇನೆ: ಪಾಶ್ಚಾತ್ಯ ಸಂಗೀತ ನಮ್ಮೂರಿಗೆ ಹೊಸದೇನಲ್ಲ. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದವರು, ರಷ್ಯದ ಮೆಟ್ನರ್‌ನ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು. ಅರಮನೆಯ ರಾಜರಿಗೆ ಒಲಿದದ್ದು ಒಂಟಿಕೊಪ್ಪಲಿನ ಸಂಗೀತ ಮೇಷ್ಟರಿಗೆ ಇನ್ನೂ ಒಲಿದಿಲ್ಲ, ಅಷ್ಟೇ.

ಹಿಂದಿನ ಸಾಲು, ಬೆಂಗಳೂರು
ಮಾರ್ಚ್ 21, ಬೆಳಿಗ್ಗೆ 11.15

ಮೇಡಂ, ನಿಮ್ಮ ಕಿವಿ ನಮ್ಮೆಲ್ಲರಿಗಿಂತ ಚೆನ್ನಾಗಿದೆ, ಅದಕ್ಕೇ ತೊಂದರೆ. ಮೇಲಿನ ದನಿಯನ್ನು ಹಿಂಬಾಲಿಸಬೇಡಿ, ಅದು ಹೇಗಿದ್ದರೂ ಕೇಳಿಸುತ್ತದೆ. ಕೆಳಗಿನ ಬಾಸ್ ಹಿಡಿಯಿರಿ. ಮನೆಯ ತಳಪಾಯ ನೋಡಿದ ಮೇಲೆ ಕೋಣೆಗಳು ಎಲ್ಲಿವೆ ಎಂದು ತಿಳಿಯುತ್ತದೆ. (ಸ್ವಜಾತಿ ಪ್ರೇಮ ಎನ್ನಬೇಡಿ.)

ಶ್ರುತಿಯ ವಿಷಯಕ್ಕೆ ಬಂದರೆ, ಅದು ನಿಮ್ಮ ತಂಬೂರಿಯಲ್ಲೇ ಇದೆ. ಮಂದ್ರ ಷಡ್ಜದ ತಂತಿ ಮೀಟಿದಾಗ ತಾನಾಗಿ ಅಂತರ ಗಾಂಧಾರ ಕೇಳಿಸುತ್ತದಲ್ಲ, ಸ್ವಯಂಭೂ ಎನ್ನುತ್ತೀರಿ. ಪಿಯಾನೊದ ಗಾಂಧಾರ ಅದಕ್ಕಿಂತ ಕೂದಲೆಳೆ ಮೇಲಿರುತ್ತದೆ. ಆರ್ಗನ್ ಇಲ್ಲದೆ ಹಾಡುವ ಒಳ್ಳೆಯ ಕ್ವಾಯರ್ ಪಿಯಾನೊವನ್ನು ಮರೆತು ಆ ತಂಬೂರಿಯ ಗಾಂಧಾರಕ್ಕೆ ಇಳಿದು ಕೂರುತ್ತದೆ. ಶುಭ ಶುಕ್ರವಾರದ ಹಾಡುಗಳಲ್ಲಿ ಕೊನೆಯ ಸ್ವರಮೇಳ ಬಂದು ನಿಂತಾಗ ಕಟ್ಟಡವೇ ಝೇಂಕರಿಸಿದಂತೆ ಕೇಳಿಸುವುದು ಅದಕ್ಕೇ.

ಅಪಾಯವೂ ಅಲ್ಲೇ ಇದೆ. ಆಸರೆಯಿಲ್ಲದೆ ಹತ್ತು ನಿಮಿಷ ಹಾಡಿದರೆ ಇಡೀ ಗುಂಪು ಗೊತ್ತಾಗದ ಹಾಗೆ ಕೆಳಗೆ ಜಾರುತ್ತದೆ. ಎಲ್ಲರೂ ಒಟ್ಟಿಗೆ ಜಾರುವುದರಿಂದ ಒಳಗಿದ್ದವರಿಗೆ ತಿಳಿಯುವುದಿಲ್ಲ. ಆಮೇಲೆ ಆರ್ಗನ್ ಶುರುವಾದ ಮೊದಲ ಕ್ಷಣ ಮಾನ ಹೋಗುತ್ತದೆ. ಒಂದು ವರ್ಷ ನಮ್ಮದೂ ಹೋಗಿದೆ, ಅರ್ಧ ಸ್ವರದಷ್ಟು. ಸಂಶಯಿಯವರೇ, ಧ್ವನಿಮುದ್ರಣದಲ್ಲಿ ಇಂಥದ್ದನ್ನು ಕತ್ತರಿಸಿ ಸರಿ ಮಾಡುತ್ತಾರೆ. ನೇರ ಪ್ರಸಾರದಲ್ಲಿ ಹಗ್ಗದ ಮೇಲೆ ನಡೆಯುವವರನ್ನು ನೋಡುವ ಎದೆಬಡಿತ ಇರುತ್ತದೆ.

ರಾತ್ರಿ ಪಾಳಿ, ಲೀಡ್ಸ್
ಮಾರ್ಚ್ 22, ಮಧ್ಯಾಹ್ನ 3.50

ಈಗ ತಾನೇ ಪಾಳಿ ಮುಗಿಸಿ ಬಂದು ಇದನ್ನೆಲ್ಲ ಓದಿದೆ. ಉಡುಪಿ ಕಡೆಯವಳು, ಇಲ್ಲಿ ನರ್ಸ್. ನಮ್ಮೂರ ಇಗರ್ಜಿಯಲ್ಲಿ ಗುರುವಾರದ ಬಲಿಪೂಜೆಯ ನಂತರ ಗಂಟೆ ಹೊಡೆಯುವುದಿಲ್ಲ, ಮರದ ಹಲಗೆ ಬಡಿದು ಸದ್ದು ಮಾಡುತ್ತಾರೆ. ಮಕ್ಕಳಾಗಿದ್ದಾಗ ಆ ಸದ್ದಿಗೆ ಹೆದರುತ್ತಿದ್ದೆವು. ಇಲ್ಲಿ ಆ ಮೂರು ದಿನ ರಜೆ ಸಿಗುವುದು ಅಪರೂಪ, ನನ್ನ ಈಸ್ಟರ್ ಎಲ್ಲ ಕಾರಿನ ರೇಡಿಯೊದಲ್ಲೇ.

ಯಾರೂ 'ಮಿಸೆರೇರೆ' ಹೆಸರು ಎತ್ತಿಲ್ಲವಲ್ಲ! ರೋಮಿನ ಸಿಸ್ಟೀನ್ ಚಾಪೆಲಿಗಾಗಿ 1630ರ ದಶಕದಲ್ಲಿ ಅಲೆಗ್ರಿ ಎಂಬ ಸಂಗೀತಕಾರ ಕಟ್ಟಿದ್ದು; ದಾವೀದನ 51ನೆಯ ಕೀರ್ತನೆ, 'ದೇವರೇ, ನನ್ನನ್ನು ಕರುಣಿಸು'. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸುತ್ತ ಕತ್ತಲೆಯಲ್ಲಿ ಹಾಡುತ್ತಿದ್ದರು. ಐದು ದನಿಯ ಒಂದು ಗುಂಪು, ನಾಲ್ಕು ದನಿಯ ಇನ್ನೊಂದು ದೂರದಲ್ಲಿ. ನಡುವೆ ಒಬ್ಬ ಹುಡುಗನ ದನಿ ಎಲ್ಲಿಗೋ ಹಾರಿಹೋಗುತ್ತದೆ. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಿಂದ, ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದ ಈವನ್‌ಸಾಂಗ್ 1972ರಿಂದ ಪ್ರತಿ ವರ್ಷ ರೇಡಿಯೊ 3ರಲ್ಲಿ ಬರುತ್ತಿದೆ, ನಾನು ಅಲ್ಲಿಯೇ ಮೊದಲು ಕೇಳಿದ್ದು. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಕೀಲಿ ತೆಗೆಯದೆ ಕೂತಿದ್ದೆ. ಪಾಳಿಗೆ ತಡವಾಯಿತು. ಮೇಲ್ವಿಚಾರಕಿಗೆ ಟ್ರಾಫಿಕ್ ಎಂದು ಸುಳ್ಳು ಹೇಳಿದೆ. ಕರುಣಿಸು ಎಂದು ಹಾಡಿದ್ದನ್ನು ಕೇಳಿ ಹತ್ತು ನಿಮಿಷ ಆಗಿರಲಿಲ್ಲ.

ಸಂಶಯಿ, ಹುಬ್ಬಳ್ಳಿ
ಮಾರ್ಚ್ 22, ರಾತ್ರಿ 9.30

ನಿಮ್ಮ ಆ ಹಾರುವ ಸ್ವರದ ಬಗ್ಗೆ ಒಂದು ಮಾತು. ಅದನ್ನು ಅಲೆಗ್ರಿ ಬರೆದೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿ ಮಾಡುವಾಗ ಆದ ತಪ್ಪು. ಮೇಲಿನ ಶ್ರುತಿಯಲ್ಲಿ ಬರೆದ ಒಂದು ತುಣುಕು ನಡುವೆ ಸೇರಿಕೊಂಡು, ಅದೇ ಅಚ್ಚಾಗಿ, ಅದೇ ಶಾಸ್ತ್ರವಾಯಿತು. ಹದಿನಾಲ್ಕರ ಮೊಜಾರ್ಟ್ 1770ರ ಪವಿತ್ರ ವಾರದಲ್ಲಿ ಈ ಹಾಡನ್ನು ಕೇಳಿ ನೆನಪಿನಿಂದ ಬರೆದುಕೊಂಡ ಎಂಬುದು ಅವನ ಅಪ್ಪನ ಪತ್ರದಲ್ಲಿದೆ. ಮೊಜಾರ್ಟ್ ಕೇಳಿದ್ದು ಮತ್ತು ನೀವು ಕೇಳಿದ್ದು ಒಂದೇ ಅಲ್ಲ.

ಇದ್ದದ್ದನ್ನು ಇದ್ದಂತೆ ಹೇಳಿದ್ದಕ್ಕೆ ಕ್ಷಮಿಸಿ. ನನ್ನ ಮಾತಿನ ಸಾರ ಇಷ್ಟು: ಶುದ್ಧತೆ, ಸಂಪ್ರದಾಯ ಎನ್ನುವಾಗ ಸ್ವಲ್ಪ ನಿಧಾನವಾಗಿ ಎನ್ನಿ. ಕ್ರಿಸ್‌ಮಸ್‌ಗೆ ಎಲ್ಲ ಕಡೆ ಹಾಡುವ ಹ್ಯಾಂಡೆಲ್‌ನ 'ಮೆಸ್ಸಾಯ' ಕೂಡ 1742ರ ಏಪ್ರಿಲ್ 13ರಂದು, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ, ಡಬ್ಲಿನ್‌ನಲ್ಲಿ ಮೊದಲು ಹಾಡಿದ್ದು. 'ಹಲ್ಲೆಲೂಯ' ಬರುವುದು ಎರಡನೆಯ ಭಾಗದ ಕೊನೆಗೆ, ಶಿಲುಬೆ, ಪುನರುತ್ಥಾನ ಎಲ್ಲ ಆದ ಮೇಲೆ. ಅದನ್ನು ದನದ ಕೊಟ್ಟಿಗೆಯ ಹಬ್ಬಕ್ಕೆ ಎಳೆದು ತಂದವರು ಯಾರು?

ರಾತ್ರಿ ಪಾಳಿ, ಲೀಡ್ಸ್
ಮಾರ್ಚ್ 22, ರಾತ್ರಿ 11.05

ತಪ್ಪಾದರೆ ಏನಂತೆ? ನಮ್ಮಜ್ಜಿಯ ಸಾರಿಗೂ ಒಮ್ಮೆ ತಪ್ಪಾಗಿ ಬೆಲ್ಲ ಬಿದ್ದು ಮನೆಯ ರುಚಿ ಆದದ್ದು.

ಒಂದನ್ನು ಮಾತ್ರ ಸೇರಿಸುತ್ತೇನೆ. ಮೇಲಿನ ದನಿ ಹುಡುಗರದ್ದೇ ಆಗಬೇಕು ಎಂಬ ಹಟ ಕಡಿಮೆಯಾಗುತ್ತಿದೆ. ಸಾಲಿಸ್‌ಬರಿ ಕ್ಯಾಥೆಡ್ರಲ್ 1991ರಲ್ಲೇ ಹುಡುಗಿಯರ ಕ್ವಾಯರ್ ಮಾಡಿತು. ನಾನು ಹೇಳಿದ ಸೇಂಟ್ ಜಾನ್ಸ್ 2022ರಿಂದ ಹುಡುಗರು ಹುಡುಗಿಯರನ್ನು ಒಟ್ಟಿಗೆ ನಿಲ್ಲಿಸುತ್ತಿದೆ. ರೇಡಿಯೊದಲ್ಲಿ ಕೇಳುವಾಗ ಯಾರು ಯಾವುದೆಂದು ಹೇಳಿ ನೋಡೋಣ. ನನಗಂತೂ ಆಗಲಿಲ್ಲ.

ಹಿಂದಿನ ಸಾಲು, ಬೆಂಗಳೂರು
ಮಾರ್ಚ್ 24, ಸಂಜೆ 6.40

ಕಾಲುವೆ ದಂಡೆಯವರ ಮತ್ತಾಯಕ್ಕೆ ನನ್ನದೊಂದು ಅಡಿಟಿಪ್ಪಣಿ. ನನ್ನ ತಾಯಿಯ ಕಡೆಯವರು ಮಂಗಳೂರಿನ ಬಾಸೆಲ್ ಮಿಷನ್ ಸಭೆಯವರು. ಮಿಷನ್ನಿನವರು 1834ರಲ್ಲಿ ಬಂದಾಗ ಬೈಬಲ್ ಮತ್ತು ಹೆಂಚಿನ ಜೊತೆ ಜರ್ಮನ್ ರಾಗಗಳೂ ಬಂದವು. (ಹೆಂಚು ಆಮೇಲೆ ಬಂದದ್ದು, ಇರಲಿ.) ಶುಭ ಶುಕ್ರವಾರ ಅಜ್ಜಿ ಒಂದು ಕನ್ನಡ ಹಾಡು ಹಾಡುತ್ತಿದ್ದರು, ಮುಳ್ಳಿನ ಕಿರೀಟದ ಹಾಡು. ಅದು ನಮ್ಮ ಮನೆಯದೇ ರಾಗ ಎಂದುಕೊಂಡಿದ್ದೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಮೊದಲ ಸಲ ಮತ್ತಾಯ ಕೇಳುವಾಗ ಅಜ್ಜಿಯ ರಾಗ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಒಟ್ಟು ಐದು ಸಲ ಬರುತ್ತದೆ, ಹೆಚ್ಚಿನ ಸಲ ಕೆಳಗಿನ ದನಿಗಳ ಬಣ್ಣ ಬೇರೆ. ಯೇಸು ಪ್ರಾಣ ಬಿಟ್ಟ ನಂತರ ಬರುವ ಐದನೆಯದಕ್ಕೆ ಎದ್ದು ಹೊರಗೆ ಹೋದೆ.

ಆ ರಾಗದ ಮೂಲ ಗೊತ್ತೇ? 1601ರಲ್ಲಿ ಹಾಸ್ಲರ್ ಎಂಬವನು ಬರೆದ ಪ್ರೇಮಗೀತೆ. ಹುಡುಗಿಯೊಬ್ಬಳು ಮನಸ್ಸು ಕೆಡಿಸಿದಳು ಎಂಬ ಗೋಳು. ನಮ್ಮಲ್ಲಿ ಕಂಪನಿ ನಾಟಕದ ಮಟ್ಟಿಗೆ ಭಜನೆ ಹೊಸೆದುಕೊಳ್ಳುತ್ತಿರಲಿಲ್ಲವೇ, ಅದೇ ಕತೆ.

2020ರದ್ದನ್ನೂ ಹೇಳಿ ಮುಗಿಸುತ್ತೇನೆ. ಏಪ್ರಿಲ್ 10, ಶುಭ ಶುಕ್ರವಾರ, ಲಾಕ್‌ಡೌನ್. ಚರ್ಚಿಗೆ ಬೀಗ. ಲೈಪ್‌ಜಿಗ್‌ನ ಅದೇ ಸೇಂಟ್ ಥಾಮಸ್ ಚರ್ಚಿನಿಂದ, ಬಾಖ್‌ನ ಸಮಾಧಿಯ ಪಕ್ಕದಿಂದ, ಅವನದೇ 'ಸೇಂಟ್ ಜಾನ್ ಪ್ಯಾಶನ್' ನೇರ ಪ್ರಸಾರ ಮಾಡಿದರು. ಕ್ವಾಯರ್ ಇಲ್ಲ, ಸೇರುವಂತಿಲ್ಲ. ಬೆನೆಡಿಕ್ಟ್ ಕ್ರಿಸ್ಟಿಯಾನ್ಸನ್ ಎಂಬ ಐಸ್‌ಲ್ಯಾಂಡಿನ ಟೆನರ್ (ಮೇಲಿನ ಗಂಡು ದನಿಯ ಗಾಯಕ) ಒಬ್ಬನೇ ಎಲ್ಲ ಪಾತ್ರ ಹಾಡಿದ. ಜೊತೆಗೆ ಕೀಬೋರ್ಡ್ ವಾದ್ಯ ಮತ್ತು ತಾಳವಾದ್ಯ. ಸಭೆ ಹಾಡುವ ಭಾಗಗಳಿಗೆ ಕೈಬೆರಳೆಣಿಕೆಯ ಗಾಯಕರು ದೂರ ದೂರ ನಿಂತಿದ್ದರು, ಕೇಳುವವರೂ ಮನೆಯಿಂದಲೇ ಹಾಡಿ ಎಂದಿದ್ದರು. ಇಲ್ಲಿ ನಮ್ಮ ಮನೆಯ ಹಾಲ್‌ನಲ್ಲಿ ಸಂಜೆ ನಾನೊಬ್ಬನೇ ಎದ್ದು ನಿಂತು ಬಾಸ್ ಹಾಡಿದೆ. ಮೇಲಿನ ಮೂರು ದನಿ ಲೈಪ್‌ಜಿಗ್‌ನಲ್ಲಿ, ನಾಲ್ಕನೆಯದು ಕಮ್ಮನಹಳ್ಳಿಯಲ್ಲಿ. ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು, ಒಂದು ಮಾತು ಆಡಲಿಲ್ಲ.

ಸಂಶಯಿ, ಹುಬ್ಬಳ್ಳಿ
ಮಾರ್ಚ್ 24, ರಾತ್ರಿ 8.15

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಕಾಲುವೆ ದಂಡೆಯವರು ಹೇಳಿದ ಆಮ್‌ಸ್ಟರ್‌ಡ್ಯಾಮ್‌ನ 1939ರ ಗರಿಗಳ ಭಾನುವಾರದ ಮತ್ತಾಯ, ವಾದ್ಯಮೇಳದ ನಿರ್ದೇಶಕ ಮೆಂಗೆಲ್‌ಬರ್ಗ್ ನಡೆಸಿದ್ದು, ಈಗಲೂ ಧ್ವನಿಮುದ್ರಣದಲ್ಲಿ ಸಿಗುತ್ತದೆ. ಒಂದು ನೇರ ಸಂದರ್ಭವನ್ನು ಉಳಿಸಿಕೊಟ್ಟದ್ದು ಧ್ವನಿಮುದ್ರಣವೇ ಎಂಬುದನ್ನು ಮರೆಯಬೇಡಿ.

ಕಾಲುವೆ ದಂಡೆ, ಉಟ್ರೆಕ್ಟ್
ಮಾರ್ಚ್ 25, ಬೆಳಗಿನ ಜಾವ 1.12

1939 ನಾನು ಹೇಳಿರಲಿಲ್ಲ, ಆದರೂ ಒಪ್ಪಿದೆ. ಕೇಳಿದ್ದೇನೆ. ಈಗಿನವರಿಗಿಂತ ಎಷ್ಟೋ ನಿಧಾನ, ಅಲ್ಲಲ್ಲಿ ಕತ್ತರಿ ಕೂಡ ಹಾಕಿದ್ದಾನೆ. ಐದು ತಿಂಗಳಿಗೆ ಯುದ್ಧ ಶುರುವಾಯಿತು, ಮರುವರ್ಷ ಮೇ ತಿಂಗಳಲ್ಲಿ ಜರ್ಮನ್ನರು ಈ ದೇಶಕ್ಕೇ ನುಗ್ಗಿದರು. ಆ ಸಭಾಂಗಣದಲ್ಲಿ ಕೂತವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತು. ಕೇಳುವಾಗ ಗಂಟಲು ಕಟ್ಟುತ್ತದೆ. ಜರ್ಮನ್ನರ ಜೊತೆ ಸಹಕರಿಸಿದನೆಂದು ಯುದ್ಧದ ನಂತರ ಮೆಂಗೆಲ್‌ಬರ್ಗ್‌ಗೆ ಇಲ್ಲಿ ಸಂಗೀತ ನಡೆಸಲು ನಿಷೇಧ ಹಾಕಿದರು. ಅಜ್ಜಿಯ ಮನೆಯ ನಾಲ್ಕರಲ್ಲಿ ಅವನದು ಇರಲಿಲ್ಲ.

ಹಳೆಯ ರೇಡಿಯೊ ಅವರಿಗೆ ಮುಖ್ಯ ಸೂಚನೆ: ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ. ಈ ವರ್ಷ ಅದು 29, ಗರಿಗಳ ಭಾನುವಾರವೇ. ಅಂದಿನಿಂದ ನಮಗೂ ನಿಮಗೂ ಮೂರೂವರೆ ಗಂಟೆ ಅಂತರ, ಇಂಗ್ಲೆಂಡಿಗೆ ನಾಲ್ಕೂವರೆ. ಅಂದರೆ ನಿಮ್ಮಲ್ಲಿ ಎಲ್ಲವೂ ಒಂದು ಗಂಟೆ ಮುಂಚೆ ಬರುತ್ತದೆ. 2024ರಲ್ಲಿ ಮಾರ್ಚ್ 31ಕ್ಕೆ ಈಸ್ಟರೂ ಗಡಿಯಾರವೂ ಒಂದೇ ದಿನ ಬಿದ್ದವು. ದಾವಣಗೆರೆಯಲ್ಲಿದ್ದ ತಮ್ಮನಿಗೆ ಲಂಡನ್ನಿನ ಮಧ್ಯಾಹ್ನ ಮೂರರ ಪ್ರಸಾರ ರಾತ್ರಿ ಎಂಟೂವರೆಗೆ ಎಂದು ಹೇಳಿಬಿಟ್ಟಿದ್ದೆ. ಅವನು ಊಟ ಮುಗಿಸಿ ಕೂತಾಗ ಆಗಲೇ ಬೇರೆ ಕಾರ್ಯಕ್ರಮ. ಇನ್ನೂ ಬೈಯುತ್ತಾನೆ.

ತಂಬೂರಿ, ಮೈಸೂರು
ಏಪ್ರಿಲ್ 1, ರಾತ್ರಿ 9.45

ವಾರವಿಡೀ ಬಾಸ್ ಹಿಡಿದು ಅಭ್ಯಾಸ ಮಾಡಿದೆ. ಲೊಟ್ಟಿಯ 'ಕ್ರುಚಿಫಿಕ್ಸುಸ್' ಕೇಳಿ ಎಂದು ಹಿಂದಿನ ಸಾಲು ಅವರು ಖಾಸಗಿಯಾಗಿ ಬರೆದಿದ್ದರು. ವೆನಿಸ್‌ನ ಸೇಂಟ್ ಮಾರ್ಕ್ಸ್‌ನಲ್ಲಿ ಆರ್ಗನ್ ನುಡಿಸುತ್ತಿದ್ದವನು, ಎಂಟು ದನಿ, ಮೂರು ನಿಮಿಷ. ಕೆಳಗಿನ ದನಿ ಮೊದಲು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೊಸ ದನಿ ಬಂದಾಗಲೆಲ್ಲ ಪಕ್ಕದ ಸ್ವರಕ್ಕೆ ಉಜ್ಜುತ್ತದೆ, ಷಡ್ಜಕ್ಕೆ ಶುದ್ಧ ರಿಷಭ ಒರಗಿದ ಹಾಗೆ. ನೋವಾಗುವಷ್ಟು ಹೊತ್ತು ಬಿಟ್ಟು ಇಳಿಸುತ್ತಾನೆ. ನಮ್ಮಲ್ಲಿ ವಿವಾದಿ ಸ್ವರವನ್ನು ಒಂದೇ ಕಂಠ ತೋರಿಸಿ ತಪ್ಪಿಸಿಕೊಳ್ಳುತ್ತದೆ. ಇಲ್ಲಿ ಒಬ್ಬರು ಹಿಡಿದು ನಿಂತಿದ್ದಾರೆ, ಇನ್ನೊಬ್ಬರು ಬಂದು ಮೈಮೇಲೆ ಬೀಳುತ್ತಾರೆ. ಶಿಲುಬೆಗೇರಿಸಿದರು ಎಂಬ ಒಂದೇ ಮಾತಿಗೆ ಇಷ್ಟು.

ನಾಳೆ ಚೈತ್ರ ಹುಣ್ಣಿಮೆ, ನಾಡಿದ್ದೇ ಅವರ ಶುಕ್ರವಾರ. ವಸಂತದ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್ ಎಂದು ಲೆಕ್ಕವಂತೆ. ಅವರೂ ಚಂದ್ರನನ್ನು ನೋಡಿಯೇ ಹಬ್ಬ ಮಾಡುವವರು ಎಂದು ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ಹಳೆಯ ರೇಡಿಯೊ, ಶಿವಮೊಗ್ಗ
ಏಪ್ರಿಲ್ 4, ಬೆಳಿಗ್ಗೆ 6.30

ಕೇಳಿದೆ.

ನೆದರ್‌ಲ್ಯಾಂಡ್ಸ್‌ನ ಒಂದು ಚರ್ಚಿನ ಮತ್ತಾಯ. ಮೊದಲ ಅರ್ಧ ಗಂಟೆ ಏನೂ ಹತ್ತಲಿಲ್ಲ, ನಿಜ. ಇಬ್ಬರು ಮೂವರು ಏನೋ ವಾದ ಮಾಡುತ್ತಿದ್ದಂತಿತ್ತು. ಒಂದು ಪಿಟೀಲು, ಒಂದು ಕಂಠ ಇದ್ದ ಹಾಡು ಬಂದಾಗ ಎದ್ದು ಕೂತೆ. ಪೇತ್ರ ಮೂರು ಸಲ 'ನಾನು ಅವನನ್ನು ಅರಿಯೆ' ಎಂದು ಅತ್ತ ಮೇಲೆ ಬರುವುದು ಎಂದು ರಾತ್ರಿ ಪಾಳಿಯವರು ಮೊದಲೇ ಹೇಳಿದ್ದರು. ಭಾಷೆ ಬೇಕಾಗಲಿಲ್ಲ.

ಹತ್ತು ನಿಮಿಷ ಉಳಿದಿರುವಾಗ ಕರೆಂಟ್ ಹೋಯಿತು, ಮನೆಯ ಇಂಟರ್‌ನೆಟ್ಟೂ ಅದರ ಜೊತೆ. ಮೊಬೈಲಿನ ಡೇಟಾಕ್ಕೆ ಬದಲಾಯಿಸುವಷ್ಟರಲ್ಲಿ ಕೊನೆಯ ಹಾಡು ಅರ್ಧವಾಗಿತ್ತು. ಕತ್ತಲೆಯಲ್ಲೇ ಕೂತು ಕೇಳಿದೆವು. ಮನೆಯವಳೂ ಒಂದು ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡಳು. ಮುಗಿಯಿತು. ಚಪ್ಪಾಳೆ ಇಲ್ಲ. ಉದ್ಘೋಷಕರೂ ಬಾಯಿ ತೆರೆಯಲಿಲ್ಲ. ಡೇಟಾ ಹೋಯಿತೇನೋ ಎಂದು ಪರದೆ ನೋಡಿದೆ, ಇತ್ತು. ಆಮೇಲೆ ಒಂದು ಕೆಮ್ಮು. ಕುರ್ಚಿ ಸರಿದ ಸದ್ದು. ಕಲ್ಲಿನ ನೆಲದ ಮೇಲೆ ಬೂಟುಗಳು, ಒಂದೆರಡು, ಬರಬರುತ್ತ ನೂರಾರು, ನಿಧಾನವಾಗಿ ದೂರ ಹೋಗುತ್ತಿದ್ದವು.

ಈ ಸಲ ನಿಜವಾಗಿಯೂ ನಡೆಯುತ್ತಿದ್ದರು.

ತಂಬೂರಿ, ಮೈಸೂರು
ಏಪ್ರಿಲ್ 4, ಬೆಳಿಗ್ಗೆ 8.05

ನಾನೂ ಅದನ್ನೇ ಕೇಳಿದೆ. ಕೊನೆಯ ಸ್ವರಮೇಳ ಗಮನಿಸಿದಿರಾ? ಎಲ್ಲರೂ ಷಡ್ಜಕ್ಕೆ ಬಂದು ನಿಂತರೂ ಕೊಳಲುಗಳು ಕಾಕಲಿ ನಿಷಾದದಲ್ಲೇ ಒಂದು ಕ್ಷಣ ತಡೆದು, ಆಮೇಲೆ ಸೇರಿದವು. ಮೂರು ಗಂಟೆ ಹಾಡಿಯೂ ಮುಗಿಸಲು ಮನಸ್ಸಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಸೋಮವಾರ ಕೇಳಿಸಬೇಕು.

ಸಂಶಯಿ, ಹುಬ್ಬಳ್ಳಿ
ಏಪ್ರಿಲ್ 4, ಬೆಳಿಗ್ಗೆ 10.20

ಸೋಮವಾರ ಕೇಳಿಸುವುದು ಧ್ವನಿಮುದ್ರಣವನ್ನು ತಾನೇ? ಸುಮ್ಮನೆ ಕೇಳಿದೆ.

ರಾತ್ರಿ ಪಾಳಿ, ಲೀಡ್ಸ್
ಏಪ್ರಿಲ್ 5, ಸಂಜೆ 5.30

ಹಬ್ಬದ ಶುಭಾಶಯ ಎಲ್ಲರಿಗೂ. ರಾತ್ರಿಯೆಲ್ಲ ವಾರ್ಡಿನಲ್ಲಿದ್ದೆ, ಜಾಗರಣೆ ತಪ್ಪಿತು. ಬೆಳಿಗ್ಗೆ ಕಾರು ಹತ್ತಿ ರೇಡಿಯೊ ಹಾಕಿದರೆ ಆರ್ಗನ್ ಅಷ್ಟೂ ಕೊಳವೆಗಳನ್ನು ಬಿಚ್ಚಿಕೊಂಡು ಕೂಗುತ್ತಿತ್ತು, ಸ್ಪೀಕರ್ ಒಡೆದುಹೋಗುವ ಹಾಗೆ. ಜೊತೆಗೆ ಅಲ್ಲೆಲೂಯ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವನು ತಿರುಗಿ ನೋಡಿದ. ಕಿಟಕಿ ಇಳಿಸಿಯೇ ಇಟ್ಟೆ.

ಕಾಲುವೆ ದಂಡೆ, ಉಟ್ರೆಕ್ಟ್
ಏಪ್ರಿಲ್ 5, ರಾತ್ರಿ 11.58

ಮುಂದಿನ ವರ್ಷಕ್ಕೆ ಈಗಲೇ ಬರೆದಿಟ್ಟುಕೊಳ್ಳಿ. 2027ರ ಈಸ್ಟರ್ ಮಾರ್ಚ್ 28ಕ್ಕೆ. ಆ ದಿನವೇ ಗಡಿಯಾರವೂ ಬದಲು. ಇಲ್ಲಿನ ಮಧ್ಯಾಹ್ನ ಮೂರು ಶುಕ್ರವಾರ ನಿಮಗೆ ರಾತ್ರಿ ಏಳೂವರೆ, ಭಾನುವಾರ ಸಂಜೆ ಆರೂವರೆ. ತಮ್ಮನಿಗೂ ಕಳಿಸಿದ್ದೇನೆ.